ಹದಿನಾರನೇ ವಚನಕ್ಕೆ ನಿಲ್ಲುವ ಪ್ರಸಂಗ: ಟೀವಿ ಬೋಧನೆಯನ್ನು ಪರೀಕ್ಷಿಸಿದ ಒಂದು ಪ್ರಕರಣ

ಇದು ನಮ್ಮ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, 2020ರಿಂದ 2023ರ ನಡುವೆ ನಡೆದ ಸಂಗತಿ. ನಾನು ಆ ಸಭೆಯ ಹಿರಿಯರಲ್ಲಿ ಒಬ್ಬ. ಊರು ಹಳೇ ಮೈಸೂರಿನ ಕಡೆಯ ಒಂದು ತಾಲ್ಲೂಕು ಕೇಂದ್ರ, ಅಷ್ಟು ಗೊತ್ತಾದರೆ ಸಾಕು. ಸಭೆಯ ಹೆಸರು, ಬೋಧಕರ ಹೆಸರು, ಚಾನೆಲ್ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಯಾರ ಬದುಕಿನಲ್ಲಿ ಇದು ನಡೆಯಿತೋ ಅವರನ್ನು ಟೀಚರಮ್ಮ ಅನ್ನುತ್ತೇನೆ. ಮೂವತ್ತು ವರ್ಷಕ್ಕೂ ಜಾಸ್ತಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದವರು. ಈ ಬರಹವನ್ನು ಅವರಿಗೆ ಕೊಟ್ಟು ಒಪ್ಪಿಗೆ ಕೇಳಿದೆ. ಓದಿ, ಎರಡು ಕಡೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕೊಟ್ಟರು. ಒಂದು ಕಡೆ ನಾನು "ಮೋಸ ಹೋದರು" ಅಂತ ಬರೆದಿದ್ದೆ. ಅದನ್ನು ಹೊಡೆದು "ನಂಬಿದರು" ಅಂತ ಮಾಡಿದ್ದಾರೆ. ಅವರು ತಿದ್ದಿದ ಹಾಗೇ ಬಿಟ್ಟಿದ್ದೇನೆ.

ಮಧ್ಯಾಹ್ನ ಎರಡು ಗಂಟೆ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಆರಾಧನೆ ನಿಂತಿತು. ಆಗಸ್ಟ್‌ನಲ್ಲಿ ಟೀಚರಮ್ಮನ ಯಜಮಾನರು ತೀರಿಕೊಂಡರು. ಸಮಾಧಿಗೆ ಇಪ್ಪತ್ತು ಜನಕ್ಕಿಂತ ಜಾಸ್ತಿ ಸೇರುವಂತಿರಲಿಲ್ಲ. ಪಾಸ್ಟರ್ ಮಾಸ್ಕ್ ಹಾಕಿಕೊಂಡು ಹತ್ತು ನಿಮಿಷದಲ್ಲಿ ಪ್ರಾರ್ಥನೆ ಮುಗಿಸಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗ ಹದಿನೈದು ದಿನ ಇದ್ದು ಹೊರಟ. ಆರಾಧನೆ ಮತ್ತೆ ಶುರುವಾದ ಮೇಲೂ ವಯಸ್ಸಾದವರು ಮನೆಯಲ್ಲೇ ಇರಿ ಅಂತ ನಾವೇ ಹೇಳಿದ್ದೆವು. ಮನೆಯಲ್ಲಿ ಇರಿ ಅಂದ ಮೇಲೆ ಮನೆಗೆ ಹೋಗಿ ನೋಡಬೇಕಿತ್ತು, ಅಲ್ವಾ? ಹೋಗಲಿಲ್ಲ. ಫೋನೂ ಮಾಡಲಿಲ್ಲ. ನಾನೂ ಮಾಡಲಿಲ್ಲ. ಪ್ರಕರಣ ಶುರುವಾಗುವುದು ಇಲ್ಲಿಂದ ಅಂತ ನನ್ನ ನಂಬಿಕೆ. ಟೀವಿಯಿಂದ ಅಲ್ಲ.

ಟೀವಿ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಮಧ್ಯಾಹ್ನ ಎರಡಕ್ಕೆ ಅರ್ಧ ಗಂಟೆ. ಬೇರೆ ಭಾಷೆಯ ಪ್ರಸಂಗ, ಅಂದರೆ ಬೈಬಲ್ ಬೋಧನೆ, ಮೇಲೆ ಕನ್ನಡದ ದನಿ. ಬೋಧಕರು ಕ್ಯಾಮೆರಾ ನೋಡುತ್ತಾ "ಒಂಟಿಯಾಗಿ ಕೂತಿರುವ ತಾಯಿ, ಕರ್ತನು ನಿನ್ನ ಕಣ್ಣೀರು ನೋಡಿದ್ದಾನೆ" ಅನ್ನುತ್ತಿದ್ದರು. ಒಂಟಿಯಾಗಿ ಕೂತ ತಾಯಂದಿರು ಎಷ್ಟೋ ಸಾವಿರ ಇರುತ್ತಾರೆ. ಆದರೆ ಆ ಮನೆಯಲ್ಲಿ ಇದ್ದದ್ದು ಒಬ್ಬರೇ. ಆ ಮಾತು ತನಗೇ ಬಂತು ಅಂತ ಅವರು ತೆಗೆದುಕೊಂಡರು. ಅದರಲ್ಲಿ ನಾನು ತಪ್ಪು ಹುಡುಕಲಾರೆ.

ಒಂದು ವಿಷಯ ಮರೆಯಬಾರದು. ಆ ಪ್ರಸಂಗಗಳಲ್ಲಿ ಒಳ್ಳೆಯದೂ ಇತ್ತು. ಕ್ಷಮೆಯ ಬಗ್ಗೆ ಅವರು ಮಾತಾಡಿದ್ದನ್ನು ಕೇಳಿ, ಹನ್ನೆರಡು ವರ್ಷ ಮಾತು ಬಿಟ್ಟಿದ್ದ ತಂಗಿಗೆ ಟೀಚರಮ್ಮ ತಾವಾಗಿ ಫೋನ್ ಮಾಡಿದರು. ಅಕ್ಕತಂಗಿ ಒಂದಾದರು. ಪೂರ್ತಿ ಸುಳ್ಳಾಗಿದ್ದರೆ ಒಂದು ವಾರದಲ್ಲಿ ಗೊತ್ತಾಗುತ್ತಿತ್ತು. ನಿಜದ ಜೊತೆ ಬೆರೆತಿದ್ದರಿಂದಲೇ ಎರಡು ವರ್ಷ ಹಿಡಿಯಿತು.

ನೋಟ್‌ಬುಕ್

ಟೀಚರಮ್ಮ ಎಲ್ಲವನ್ನೂ ಬರೆದಿಡುವವರು. ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್. ಎಡಗಡೆ ತಾರೀಕು, ನಡುವೆ ಬೈಬಲಿನ ವಚನ, ಬಲಗಡೆ ಕಳಿಸಿದ ಮೊತ್ತ. ದುಂಡಗಿನ ಅಕ್ಷರ, ವಚನದ ಕೆಳಗೆ ಕೆಂಪು ಗೆರೆ. ಮೊದಲ ಸಾಲು 2021ರ ಫೆಬ್ರವರಿಯದು: 91ನೇ ಕೀರ್ತನೆ, ₹9,100. ಕೀರ್ತನೆಯ ಸಂಖ್ಯೆಯ ಲೆಕ್ಕಕ್ಕೆ ಕಾಣಿಕೆ ಬಿತ್ತಿದರೆ, ಅಂದರೆ ಕಳಿಸಿದರೆ, ಆ ಕೀರ್ತನೆಯ ವಾಗ್ದಾನ ಮನೆಯ ಮೇಲೆ ನಿಲ್ಲುತ್ತದೆ ಅಂತ ಬೋಧಕರು ಹೇಳಿದ್ದರು. ಕೊರೊನಾ ಕಾಲ ಬೇರೆ. ಮಾರಕ ರೋಗ ನಿನ್ನ ಹತ್ತಿರ ಬಾರದು ಅನ್ನುವ ಕೀರ್ತನೆ ಅದು.

ಆಮೇಲೆ ತಿಂಗಳಿಗೊಂದು, ಕೆಲವು ತಿಂಗಳು ಎರಡು. ಹಣ ಕಳಿಸಿದವರಿಗೆ ಒಂದು ಕಾಗದ, ಪ್ರಾರ್ಥನೆಯ ಚೀಟಿ, ಬೆರಳುದ್ದದ ಬಾಟಲಿಯಲ್ಲಿ ಎಣ್ಣೆ ಬರುತ್ತಿತ್ತು. ಹದಿಮೂರು ತಿಂಗಳಲ್ಲಿ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಪಿಂಚಣಿ ಹಣ. ಕೊನೆಯ ಎರಡು ಸಲ ಬಳೆ ಅಡ ಇಟ್ಟದ್ದು.

ಹಣಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆ ಬಿತ್ತು. ಅವರಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ರಾತ್ರಿ ಪಾದ ಉರಿಯುತ್ತಿತ್ತು. ಟೀವಿಯ ಮೇಲೆ ಕೈ ಇಟ್ಟು ಪ್ರಾರ್ಥಿಸಿ ಅಂದಾಗ ಇಟ್ಟರು. ಕೆಲವು ತಿಂಗಳಲ್ಲಿ ಉರಿ ಕಡಿಮೆಯಾಯಿತು, ಆಮೇಲೆ ಪೂರ್ತಿ ನಿಂತಿತು. ಅವರು ಫೋನ್ ಮಾಡಿ ಸಾಕ್ಷಿ ಹೇಳಿದರು. ಆ ದನಿ ರೆಕಾರ್ಡ್ ಆಗಿ ಪ್ರಸಾರವೂ ಆಯಿತು. 2021ರ ಅಕ್ಟೋಬರ್‌ನಲ್ಲಿ ಮಾತ್ರೆ ನಿಲ್ಲಿಸಿದರು. ಮಾತ್ರೆ ನುಂಗುವುದು ಅಪನಂಬಿಕೆ ಅಂತ ಅನ್ನಿಸಿತ್ತು. ಉಳಿದ ಪಟ್ಟಿಗಳನ್ನು ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದರು. ಎಸೆಯಲು ಮನಸ್ಸು ಬರಲಿಲ್ಲವಂತೆ.

ಪಾದದ ಉರಿ ನಿಂತದ್ದರ ಅರ್ಥ ಏನು ಅಂತ ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಸಕ್ಕರೆ ಜಾಸ್ತಿ ಇದ್ದು ಇದ್ದು ನರ ಸಾಯುತ್ತಾ ಬರುತ್ತದೆ. ಮೊದಲು ಉರಿ, ಜೋಮು. ನರ ಪೂರ್ತಿ ಕೆಟ್ಟ ಮೇಲೆ ಉರಿಯೂ ಇಲ್ಲ, ನೋವೂ ಇಲ್ಲ, ಏನೂ ಗೊತ್ತಾಗುವುದಿಲ್ಲ. ಗುಣವಾಯಿತು ಅಂತ ಅವರು ಸಾಕ್ಷಿ ಹೇಳಿದ್ದು ಕಾಯಿಲೆ ಬಲಿತ ಗುರುತಿನ ಬಗ್ಗೆ.

ನಾವು ಮಾಡಿದ ಮೊದಲ ಎರಡು ಪ್ರಯತ್ನ

2022ರ ಮಾರ್ಚ್‌ನಲ್ಲಿ ಮಗ ಪಾಸ್‌ಬುಕ್ ನೋಡಿ ಗಾಬರಿಯಾಗಿ ನಮ್ಮ ಹತ್ತಿರ ಬಂದ. ಪಾಸ್ಟರಿಗೆ ಸಿಟ್ಟು ಬಂತು. ಮುಂದಿನ ಭಾನುವಾರವೇ ವೇದಿಕೆಯಿಂದ ಆ ಬೋಧಕರ ಹೆಸರು ಹಿಡಿದು, ಕುರಿ ವೇಷದ ತೋಳ ಅಂತ ಪ್ರಸಂಗ ಮಾಡಿದರು. ಹೇಳಿದ್ದರಲ್ಲಿ ತಪ್ಪು ಕಡಿಮೆ. ಆದರೆ ಟೀಚರಮ್ಮ ಮೂರನೇ ಸಾಲಿನಲ್ಲಿ ಕೂತಿದ್ದರು. ಊರಿಗೆಲ್ಲ ಗೊತ್ತಿತ್ತು ಯಾರಿಗೆ ಹೇಳುತ್ತಿದ್ದಾರೆ ಅಂತ. ಅವರು ಸೆರಗು ಸರಿಮಾಡಿಕೊಂಡು, ಬೈಬಲ್ ಚೀಲಕ್ಕೆ ಹಾಕಿ, ಎದ್ದು ಹೋದರು. ಆಮೇಲೆ ಎರಡು ತಿಂಗಳಿಗೂ ಜಾಸ್ತಿ ಸಭೆಗೆ ಬರಲಿಲ್ಲ. ಅವರ ಜೊತೆ ಇನ್ನೂ ಎರಡು ಕುಟುಂಬ ಬರುವುದು ಬಿಟ್ಟಿತು. ಆ ಎರಡೂ ಮನೆಯಲ್ಲಿ ಅದೇ ಕಾರ್ಯಕ್ರಮ ನೋಡುತ್ತಿದ್ದರು ಅಂತ ನಮಗೆ ಗೊತ್ತೇ ಇರಲಿಲ್ಲ.

ಮನೆಗೆ ಹೋದಾಗ ಅವರು ಹೇಳಿದ್ದು ಒಂದೇ ಮಾತು: "ಅಭಿಷೇಕ ಹೊಂದಿದವರನ್ನು ಮುಟ್ಟಬಾರದು ಅಂತ ವಾಕ್ಯ ಇದೆ." 105ನೇ ಕೀರ್ತನೆಯ ಮಾತು. ಇದನ್ನು ಎಷ್ಟು ಜನ ಪ್ರಶ್ನೆಯ ಬಾಯಿ ಮುಚ್ಚಿಸಲು ಬಳಸುತ್ತಾರೆ ಅಂತ ನೋಡಿದರೆ ಬೇಸರವಾಗುತ್ತದೆ. ತನ್ನ ಬೆನ್ನಟ್ಟಿ ಬಂದ, ಅಭಿಷೇಕ ಹೊಂದಿದ ಅರಸ ಸೌಲನನ್ನು ದಾವೀದ ಕೊಲ್ಲಲಿಲ್ಲ ನಿಜ. ಆದರೆ ಗವಿಯಿಂದ ಹೊರಗೆ ಬಂದು, ನೀನು ಮಾಡುತ್ತಿರುವುದು ಅನ್ಯಾಯ ಅಂತ ಜನರೆಲ್ಲ ಕೇಳುವ ಹಾಗೆ ಹೇಳಿದ. ಅದೇ ದಾವೀದ ಅರಸನಾದ ಮೇಲೆ ತಪ್ಪು ಮಾಡಿದಾಗ ಪ್ರವಾದಿ ನಾತಾನ ಎದುರು ನಿಂತು ಹೇಳಿದ. ಮುಟ್ಟಬಾರದು ಅಂದರೆ ಕೈ ಮಾಡಬಾರದು ಅಂತ, ಕೇಳಬಾರದು ಅಂತ ಅಲ್ಲ. ಇದನ್ನು ನಾನು ಅವತ್ತು ಹೇಳಿದೆ. ಹೊತ್ತು ಸರಿಯಿರಲಿಲ್ಲ. ಕಿವಿಗೆ ಹೋಗಲಿಲ್ಲ.

ಎರಡನೇ ಪ್ರಯತ್ನ ಮಗನದು. ಅಮೆರಿಕದ ಟೀವಿ ಬೋಧಕರ ಬಗ್ಗೆ ವಿಡಿಯೋ ಮೇಲೆ ವಿಡಿಯೋ ಕಳಿಸಿದ. ನಾನೂ ಆ ನೆಪದಲ್ಲಿ ಓದಿಕೊಂಡೆ. ಕಾಣಿಕೆಯನ್ನು ಬೀಜ ಅಂತ ಕರೆದು, ಬಿತ್ತಿದವರಿಗೆ ಫಸಲು ಬರುತ್ತದೆ ಅನ್ನುವ ಬೋಧನೆಯನ್ನು ಟೀವಿಯಲ್ಲಿ ಹಬ್ಬಿಸಿದವರು ಒಕ್ಲಹೋಮಾ ರಾಜ್ಯದ ಓರಲ್ ರಾಬರ್ಟ್ಸ್. 1986ರಲ್ಲಿ ಪೀಟರ್ ಪೋಪಾಫ್ ಎಂಬವರ ಗುಟ್ಟು ಹೊರಬಿತ್ತು. ಕೂಟಕ್ಕೆ ಬಂದ ರೋಗಿಗಳ ಹೆಸರು, ಕಾಯಿಲೆ, ಮನೆ ವಿಳಾಸವನ್ನು ದೇವರೇ ತಿಳಿಸಿದ ಹಾಗೆ ಅವರು ಹೇಳುತ್ತಿದ್ದರು. ಜಾದೂಗಾರ ಜೇಮ್ಸ್ ರ‍್ಯಾಂಡಿಯ ತಂಡ ರೇಡಿಯೋ ಇಟ್ಟು ಕೇಳಿದಾಗ, ಅವರ ಹೆಂಡತಿಯೇ ಕಿವಿಯ ಸಾಧನಕ್ಕೆ ಎಲ್ಲ ಓದಿ ಹೇಳುತ್ತಿದ್ದದ್ದು ಸಿಕ್ಕಿತು. 1991ರಲ್ಲಿ ಅಮೆರಿಕದ ಎಬಿಸಿ ಚಾನೆಲ್, ರಾಬರ್ಟ್ ಟಿಲ್ಟನ್ ಅವರಿಗೆ ಜನ ಕಳಿಸಿದ ಪ್ರಾರ್ಥನೆಯ ಚೀಟಿಗಳು ಕಸದ ತೊಟ್ಟಿಯಲ್ಲಿ ಬಿದ್ದಿವೆ ಅಂತ ತೋರಿಸಿತು. 2016ರಲ್ಲಿ ಪೌಲಾ ವೈಟ್ ಅವರು, ಲಾಜರನನ್ನು ಎಬ್ಬಿಸಿದ ಯೋಹಾನ 11:44ರ ಲೆಕ್ಕಕ್ಕೆ 1,144 ಡಾಲರ್ ಕಾಣಿಕೆ ಕೇಳಿದ್ದರು. ಇದನ್ನು ಓದಿದಾಗ ನನಗೆ ₹9,100 ನೆನಪಾಗಿ ಮೈ ಜುಮ್ ಅಂದಿತು. ಅದೇ ಅಚ್ಚು, ಭಾಷೆ ಮಾತ್ರ ಬೇರೆ.

ನನಗೆ ಇದೆಲ್ಲ ಕಣ್ಣು ತೆರೆಸಿತು. ಟೀಚರಮ್ಮನಿಗೆ ಇಲ್ಲ. "ಅಮೆರಿಕದ ಕಳ್ಳರ ಕಥೆ ನನಗ್ಯಾಕೆ? ಯೂದ ಇದ್ದ ಅಂತ ಪೇತ್ರನನ್ನೂ ಬೈತೀರಾ?" ಅಂದರು. ಆ ಪ್ರಶ್ನೆ ನ್ಯಾಯವಾದದ್ದೇ. ಒಬ್ಬರ ಮೋಸ ಇನ್ನೊಬ್ಬರ ಮೋಸಕ್ಕೆ ಸಾಕ್ಷಿಯಲ್ಲ. ಆಗಲೇ ಸಂಶಯ ಬಂದವರಿಗೆ ಇಂಥ ಮಾಹಿತಿ ಬಲ ಕೊಡುತ್ತದೆ. ನಂಬಿ ಕೂತವರಿಗೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುವ ಹಾಗೆ ಮಾಡುತ್ತದೆ.

ಆ ವಿಡಿಯೋಗಳಲ್ಲಿ ಒಂದು ಮಾತ್ರ ಅವರ ಮನಸ್ಸಿನಲ್ಲಿ ಉಳಿಯಿತು. 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಅಮೆರಿಕದ ಟೀವಿ ಬೋಧಕ ಬೆನ್ನಿ ಹಿನ್ ಅವರ ಮೂರು ದಿನದ ಕೂಟ ನಡೆದಾಗ ಟೀಚರಮ್ಮ ಬಸ್ಸು ಮಾಡಿಕೊಂಡು ಹೋಗಿದ್ದರು. ಅದೇ ಬೆನ್ನಿ ಹಿನ್ 2019ರ ಸೆಪ್ಟೆಂಬರ್‌ನಲ್ಲಿ, ಸುವಾರ್ತೆಗೆ ಬೆಲೆ ಕಟ್ಟುವುದು ಪವಿತ್ರಾತ್ಮನಿಗೆ ಮಾಡುವ ಅಪರಾಧ, ಸಾವಿರ ಡಾಲರ್ ಬೀಜ ಕೊಡಿ ಅಂತ ಇನ್ನು ಕೇಳುವುದಿಲ್ಲ ಅಂದಿದ್ದರು. ಆ ಮಾತಿನ ಮೇಲೆ ಎಷ್ಟು ನಿಂತರು ಅನ್ನುವುದು ಬೇರೆ ಚರ್ಚೆ. "ಅವರೇ ಹಾಗಂದ್ರಾ?" ಅಂತ ಟೀಚರಮ್ಮ ಎರಡು ಸಲ ಕೇಳಿದರಂತೆ. ನಾವು ಯಾರೂ ಅದನ್ನು ಆಗ ಗಮನಿಸಲಿಲ್ಲ.

ಪಾದ ತೊಳೆದವರು

ನಮ್ಮ ಮಹಿಳಾ ಸಂಘದಲ್ಲಿ ಒಬ್ಬ ಹಿರಿಯ ಅಕ್ಕ ಇದ್ದಾರೆ. ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಅವರಿಗೆ ವಾದ ಬರುವುದಿಲ್ಲ. ಜೂನ್‌ನಲ್ಲಿ ಒಂದು ದಿನ ಹಲಸಿನ ಹಣ್ಣಿನ ತೊಳೆ ಡಬ್ಬಿಗೆ ಹಾಕಿಕೊಂಡು ಟೀಚರಮ್ಮನ ಮನೆಗೆ ಹೋದರು. ಸುಮ್ನೆ ಮಾತಾಡಲು. ಬಾಗಿಲು ತೆಗೆದಾಗಲೇ ವಾಸನೆ ಬಂತಂತೆ. ಬಲಗಾಲಿನ ಕಿರುಬೆರಳ ಪಕ್ಕದ ಬೆರಳು ಕಪ್ಪಾಗಿತ್ತು. ಹವಾಯಿ ಚಪ್ಪಲಿಯ ಪಟ್ಟಿ ಉಜ್ಜಿ ಗಾಯವಾಗಿ, ನೋವೇ ಇಲ್ಲದ್ದರಿಂದ ಟೀಚರಮ್ಮನಿಗೆ ಎಷ್ಟೋ ದಿನ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ಬಾಟಲಿಯ ಎಣ್ಣೆ ಹಚ್ಚುತ್ತಿದ್ದರು. ಟೀವಿಯ ನಂಬರಿಗೆ ಫೋನ್ ಮಾಡಿದಾಗ, ಮರೆಮಾಡಿದ ಪಾಪ ಏನಾದರೂ ಇರಬಹುದು, ಅರಿಕೆ ಮಾಡಿಕೊಳ್ಳಿ ಅಂದಿದ್ದರು.

ಅಕ್ಕ ಬೈಯಲಿಲ್ಲ. ಉಗುರುಬೆಚ್ಚಗಿನ ನೀರು ಕಾಯಿಸಿ, ಸ್ಟೂಲ್ ಮೇಲೆ ಕೂರಿಸಿ, ಪಾದ ತೊಳೆದರು. ಬಟ್ಟೆ ಕಟ್ಟಿದರು. "ದೇವರು ಗುಣ ಮಾಡ್ತಾನೆ ಅಂದ್ರೆ ನಂಗೂ ನಂಬಿಕೆ ಐತೆ. ಡಾಕ್ಟರ್ ಕೈಲಿ ಮಾಡ್ಸಿದ್ರೆ ಬೇಡ ಅಂತೀಯಾ?" ಅಂದರು. ಆಟೋ ಕರೆದರು. ಆಸ್ಪತ್ರೆಯಲ್ಲಿ ಸಕ್ಕರೆ 412 ಇತ್ತು. ಎರಡು ದಿನಕ್ಕೆ ಆ ಬೆರಳು ತೆಗೆದರು. ಇನ್ನೂ ಹತ್ತು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಅಂದರು ಡಾಕ್ಟರ್.

ಟೀಚರಮ್ಮ ಮನೆಗೆ ಬಂದು, ಕಾಲು ದಿಂಬಿನ ಮೇಲೆ ಇಟ್ಟುಕೊಂಡು ಟೀವಿ ಹಾಕಿದರು. ಅವತ್ತಿನ ಕಾರ್ಯಕ್ರಮದ ಕೊನೆಯಲ್ಲಿ ಸಾಕ್ಷಿಗಳು ಬಂದವು. ಮೂರನೆಯದು ಅವರದೇ ದನಿ. "ನನ್ನ ಪಾದದ ಉರಿ ಪೂರ್ತಿ ಹೋಗಿದೆ, ದೇವರಿಗೆ ಸ್ತೋತ್ರ." ಹಳೆಯದನ್ನೇ ಮತ್ತೆ ಹಾಕಿದ್ದರು. ಅವರು ಟೀವಿ ಆರಿಸಲಿಲ್ಲ. ಬ್ಯಾಂಡೇಜ್ ನೋಡುತ್ತಾ ಕೊನೆಯವರೆಗೂ ಕೇಳಿದರು. ಆಮೇಲೆ ನನಗೆ ಫೋನ್ ಬಂತು. "ನನ್ನ ಮಾತು ಕೇಳಿ ಇನ್ಯಾರೋ ಮಾತ್ರೆ ಬಿಟ್ಟಿದ್ರೆ?" ಅಂದರು. ದನಿ ನಡುಗುತ್ತಿತ್ತು.

ಮಂಗಳವಾರದ ಓದು

ಅವತ್ತು ನನ್ನ ಬಾಯಿಗೆ ಬಂದದ್ದು "ನೋಡಿ, ನಾವು ಮೊದಲೇ ಹೇಳಿದ್ದೆವು" ಅನ್ನುವ ಮಾತು. ದೇವರ ದಯೆ, ಹೇಳಲಿಲ್ಲ. ಬದಲಿಗೆ ಒಂದು ಕೇಳಿದೆ. ನೀವು ಶಾಲೆಯಲ್ಲಿ ಮಕ್ಕಳಿಗೆ ಪಾಠ ಓದದೆ ಪ್ರಶ್ನೆಗೆ ಉತ್ತರ ಬರೆಯಲು ಬಿಡುತ್ತಿದ್ದಿರಾ? ಇಲ್ಲ ಅಂದರು. ಹಾಗಾದರೆ ನಿಮ್ಮ ನೋಟ್‌ಬುಕ್ ತೆಗೆಯೋಣ. ಅದರಲ್ಲಿರುವ ಒಂದೊಂದು ವಚನಕ್ಕೂ ಆ ಅಧ್ಯಾಯ ಪೂರ್ತಿ ಓದೋಣ. ಬೋಧಕರ ಹೆಸರು ಯಾರೂ ಎತ್ತುವುದು ಬೇಡ. ನೀವೇ ಓದಿ, ನೀವೇ ಅರ್ಥ ಹೇಳಿ. ಒಪ್ಪಿದರು. ಪ್ರತಿ ಮಂಗಳವಾರ, ಬೇಕೆಂದೇ ಮಧ್ಯಾಹ್ನ ಎರಡು ಗಂಟೆಗೆ. ಅವರು, ಪಾದ ತೊಳೆದ ಅಕ್ಕ, ನಾನು, ನನ್ನ ಹೆಂಡತಿ. ಹನ್ನೊಂದು ಮಂಗಳವಾರ ಆಯಿತು.

ಮೊದಲು 91ನೇ ಕೀರ್ತನೆ. ಅವರ ಬೈಬಲಿನಲ್ಲಿ ಪುಟದ ಕೆಳಗೆ ಸಂಬಂಧಪಟ್ಟ ವಚನಗಳ ಗುರುತು ಇದೆ. ಹನ್ನೊಂದನೇ ವಚನದ ಗುರುತು ಹಿಡಿದು ಮತ್ತಾಯ 4ಕ್ಕೆ ಹೋದರು. ಅಲ್ಲಿ ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಹಾರು ಅಂತ ಇದೇ ಕೀರ್ತನೆಯನ್ನು ಹೇಳುವವನು ಸೈತಾನ. ಯೇಸು ಕೊಡುವ ಉತ್ತರ, ಹೀಗೆಂದೂ ಬರೆದಿದೆ ಅಂತ ಇನ್ನೊಂದು ವಾಕ್ಯ. ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಏನೂ ಹೇಳಲಿಲ್ಲ.

ಮೂರನೇ ಯೋಹಾನನ ಪತ್ರಿಕೆಯ ಎರಡನೇ ವಚನ ಅವರ ನೋಟ್‌ಬುಕ್‌ನಲ್ಲಿ ನಾಲ್ಕು ಸಲ ಇತ್ತು. ಎಲ್ಲದರಲ್ಲೂ ಅಭಿವೃದ್ಧಿ ಹೊಂದಿ ಸುಖವಾಗಿರು ಅನ್ನುವ ಮಾತು. ಐಶ್ವರ್ಯದ ವಾಗ್ದಾನ ಅಂತ ಅವರಿಗೆ ಹೇಳಿದ್ದರು. ಆ ಪತ್ರಿಕೆ ಒಂದೇ ಪುಟ. ಪೂರ್ತಿ ಓದಿ ಅವರು ಮುಖ ಅರಳಿಸಿ ಅಂದರು: "ಇದು ಉಭಯ ಕುಶಲೋಪರಿ ಅಲ್ವಾ! ಮಕ್ಕಳಿಗೆ ಪತ್ರಲೇಖನದಲ್ಲಿ ನಾನೇ ಹೇಳಿಕೊಡ್ತಿದ್ದೆ." ಗಾಯ ಎಂಬ ಗೆಳೆಯನಿಗೆ ಯೋಹಾನ ಬರೆದ ಕಾಗದದ ಮೊದಲ ಸಾಲು ಅದು. ಕ್ಷೇಮವಾಗಿರು ಅಂತ ಹಾರೈಸುವ ಸಾಲು. ಇದಕ್ಕಿಂತ ಚೆನ್ನಾಗಿ ಆ ವಚನವನ್ನು ಯಾರೂ ನನಗೆ ವಿವರಿಸಿಲ್ಲ.

ಆರನೇ ಮಂಗಳವಾರ 1 ಅರಸುಗಳು 17. ಚಾರೆಪ್ತದ ವಿಧವೆಯ ಕಥೆ. ಬೀಜದ ಕಾಣಿಕೆಯವರಿಗೆ ಇದು ಬಹಳ ಇಷ್ಟದ ಭಾಗ. ಕಡೆಯ ಹಿಡಿ ಹಿಟ್ಟನ್ನು ವಿಧವೆ ಮೊದಲು ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟಳು, ಆಮೇಲೆ ಮಡಕೆಯ ಹಿಟ್ಟು ಮುಗಿಯಲಿಲ್ಲ. ಹಾಗೆ ನೀವೂ ಕಡೆಯದನ್ನು ದೇವರ ಸೇವಕನಿಗೆ ಕೊಡಿ ಅನ್ನುವುದು ಪ್ರಸಂಗ. ಬಳೆ ಅಡ ಇಟ್ಟದ್ದು ಈ ಪ್ರಸಂಗ ಕೇಳಿಯೇ. ನೋಟ್‌ಬುಕ್‌ನಲ್ಲಿ ಮೂರು ಕಡೆ ಇತ್ತು, ಮೂರೂ ಕಡೆ "17:8-16".

ಟೀಚರಮ್ಮ ಜೋರಾಗಿ ಓದಿದರು. ಹದಿನಾರು ಮುಗಿಯಿತು. ಹದಿನೇಳಕ್ಕೆ ಬಂದರು. ಇದಾದ ಮೇಲೆ ಆ ಹೆಂಗಸಿನ ಮಗ ಕಾಯಿಲೆ ಬಿದ್ದ, ಉಸಿರು ನಿಂತಿತು. ಹದಿನೆಂಟರಲ್ಲಿ ಆ ತಾಯಿ ಎಲೀಯನನ್ನು ಕೇಳುತ್ತಾಳೆ, ನನ್ನ ಪಾಪವನ್ನು ನೆನಪಿಗೆ ತರಲು ಬಂದೆಯಾ ಅಂತ. ಇಲ್ಲಿ ಅವರ ದನಿ ನಿಂತುಹೋಯಿತು. ತಮಗೆ ಫೋನಿನಲ್ಲಿ ಬಂದ ಮಾತು ನೆನಪಾಗಿರಬೇಕು. ಅಕ್ಕ ಅವರ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಮುಂದೆ ಓದಿದರು. ಎಲೀಯ ಅವಳ ಪಾಪದ ಲೆಕ್ಕ ಕೇಳುವುದಿಲ್ಲ. ಮತ್ತೊಂದು ಕಾಣಿಕೆ ಕೇಳುವುದಿಲ್ಲ. ಮಗುವನ್ನು ಅವಳ ಮಡಿಲಿಂದ ತೆಗೆದುಕೊಂಡು, ತಾನಿದ್ದ ಮಹಡಿಯ ಕೋಣೆಗೆ ಹೊತ್ತುಕೊಂಡು ಹೋಗಿ, ದೇವರ ಹತ್ತಿರ ಅಳುತ್ತಾನೆ.

"ಅವರು ಯಾವಾಗಲೂ ಹದಿನಾರಕ್ಕೇ ನಿಲ್ಲಿಸ್ತಾರೆ," ಅಂದರು ಟೀಚರಮ್ಮ. ಬೋಧಕರ ಬಗ್ಗೆ ಅಷ್ಟು ದಿನಗಳಲ್ಲಿ ಬಂದ ಮೊದಲ ಮಾತು ಅದು. ನಾವು ಯಾರೂ ಎತ್ತಿದ್ದಲ್ಲ. ಆಮೇಲೆ ಇನ್ನೊಂದು ಸೇರಿಸಿದರು: "ಎಲೀಯ ಆ ಮನೆಯಲ್ಲೇ ಇದ್ದ. ಅದೇ ಮಡಕೆ ರೊಟ್ಟಿ ತಿಂದ. ಇವರಿಗೆ ನನ್ನ ಮನೆ ಎಲ್ಲಿದೆ ಅಂತ ಗೊತ್ತಾ?"

ಈ ಪ್ರಕರಣದ ನಡುಗಂಬ ಇದೇ ಅಂತ ನನಗೆ ಅನ್ನಿಸುತ್ತದೆ. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತನ್ನೇ ದಿನಾ ಶಾಸ್ತ್ರ ತೆಗೆದು ಹೌದೋ ಅಲ್ಲವೋ ನೋಡುತ್ತಿದ್ದರು ಅಂತ ಅಪೊಸ್ತಲರ ಕೃತ್ಯಗಳು 17ರಲ್ಲಿದೆ. ಅದನ್ನು ನಾವು ಎಷ್ಟೋ ಸಲ ಪ್ರಸಂಗದಲ್ಲಿ ಹೇಳಿದ್ದೇವೆ. ಮಾಡಿ ತೋರಿಸಿರಲಿಲ್ಲ. ಅಮೆರಿಕದ ಜಿಮ್ ಬೇಕರ್ ಎಂಬ ಟೀವಿ ಬೋಧಕರಿಗೆ ವಂಚನೆಯ ಕೇಸಿನಲ್ಲಿ 1989ರಲ್ಲಿ 45 ವರ್ಷ ಶಿಕ್ಷೆಯಾಗಿ, ಮೇಲ್ಮನವಿಯ ನಂತರ ಕಡಿಮೆಯಾಯಿತು. ಜೈಲಿನಲ್ಲಿ ಬೈಬಲನ್ನು ಕೂತು ಓದಿದಾಗಲೇ ತಾವು ಬೋಧಿಸಿದ, ನಂಬಿದವರಿಗೆ ಐಶ್ವರ್ಯ ಬರುತ್ತದೆ ಅನ್ನುವ ಸಮೃದ್ಧಿಯ ಸುವಾರ್ತೆ ವಾಕ್ಯಕ್ಕೆ ಹೊಂದುವುದಿಲ್ಲ ಅಂತ ಗೊತ್ತಾಯಿತು ಅಂತ ಅವರೇ ಆಮೇಲೆ ಒಪ್ಪಿಕೊಂಡರು. ಬೋಧಿಸುವವರಿಗೇ ಈ ಗತಿ. ಕೇಳುವವರನ್ನು ದೂರುವುದು ಹೇಗೆ?

ಗುಣವಾಗುವುದರ ಬಗ್ಗೆ ಎರಡು ವಾರ ಓದಿದೆವು. ಪೌಲನು ತ್ರೊಫಿಮನನ್ನು ಕಾಯಿಲೆಯವನಾಗಿ ಮಿಲೇತದಲ್ಲಿ ಬಿಟ್ಟು ಬಂದ. ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂದ. ನಿನ್ನಲ್ಲಿ ಪಾಪ ಇದೆ ಅನ್ನಲಿಲ್ಲ. ನಾವೂ ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವವರೇ, ಅದು ಯಾಕೋಬ 5ರಲ್ಲಿದೆ. ಅಲ್ಲಿ ಕಾಯಿಲೆಯವರು ಹೇಳಿ ಕಳಿಸಬೇಕು, ಸಭೆಯ ಹಿರಿಯರು ಬರಬೇಕು. ಎಣ್ಣೆಗೆ ಬೆಲೆ ಬರೆದಿಲ್ಲ. ಇದನ್ನು ಓದಿದ ದಿನ ಟೀಚರಮ್ಮ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಹಿರಿಯ ನಾನೇ ತಾನೆ.

ಮೂರು ಪ್ರಶ್ನೆಯ ಕಾಗದ

ಕೊನೆಗೆ ಎರಡನೇ ಕೊರಿಂಥ 8 ಮತ್ತು 9. ಸ್ವಲ್ಪ ಬಿತ್ತುವವನು ಸ್ವಲ್ಪವೇ ಕೊಯ್ಯುವನು ಅನ್ನುವ ವಚನ ಎಲ್ಲರಿಗೂ ಬಾಯಿಪಾಠ. ಆ ಹಣ ಯಾರಿಗೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ. ಪೌಲನಿಗಲ್ಲ. ಅಷ್ಟೇ ಅಲ್ಲ, ಎಂಟನೇ ಅಧ್ಯಾಯದಲ್ಲಿ ಪೌಲ, ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಸಭೆಗಳು ಆರಿಸಿದ ಬೇರೆಯವರನ್ನು ಜೊತೆಗೆ ಕಳಿಸುತ್ತಾನೆ. ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅನ್ನುತ್ತಾನೆ.

"ಪೌಲನೇ ಲೆಕ್ಕ ಕೊಟ್ಟ ಮೇಲೆ ಕೇಳೋದು ತಪ್ಪಲ್ಲ," ಅಂದರು ಟೀಚರಮ್ಮ. ಅಕ್ಟೋಬರ್‌ನಲ್ಲಿ ಬಿಳಿ ಹಾಳೆಯಲ್ಲಿ ಕಾಗದ ಬರೆದರು. ನಾನು ಕೊಟ್ಟ ಕರಡು ಜೋರಾಗಿತ್ತು ಅಂತ ಒಪ್ಪಲಿಲ್ಲ. ತಮ್ಮದೇ ಮಾತಿನಲ್ಲಿ, ನಮಸ್ಕಾರದೊಂದಿಗೆ ಶುರುಮಾಡಿ, ಮೂರು ವಿಷಯ ಕೇಳಿದರು. ಕಾಣಿಕೆ ಎಲ್ಲಿ ಖರ್ಚಾಗುತ್ತದೆ, ಲೆಕ್ಕಪರಿಶೋಧನೆಯ ವರದಿ ನೋಡಬಹುದೇ? ಗುಣವಾದವರ ಸಾಕ್ಷಿ ಹಾಕುವ ಮೊದಲು ಡಾಕ್ಟರ್ ಚೀಟಿ ನೋಡುತ್ತೀರಾ? ನನ್ನ ಬೆರಳು ತೆಗೆದಿದ್ದಾರೆ, ನನ್ನ ಸಾಕ್ಷಿಯನ್ನು ದಯವಿಟ್ಟು ನಿಲ್ಲಿಸುತ್ತೀರಾ?

ಐದು ವಾರಕ್ಕೆ ಒಂದು ಲಕೋಟೆ ಬಂತು. ಅಚ್ಚು ಹಾಕಿದ ಕಾಗದ, ಮೇಲೆ ಅವರ ಹೆಸರು ಮಾತ್ರ ಬೇರೆ ಶಾಯಿಯಲ್ಲಿ. "ನಿಮ್ಮ ಪ್ರಾರ್ಥನಾ ವಿನಂತಿ ತಲುಪಿದೆ." ಜೊತೆಗೆ ಹೊಸ ಎಣ್ಣೆಯ ಬಾಟಲಿ, ಕಾಣಿಕೆಯ ಫಾರಂ. ಫೋನ್ ಮಾಡಿದಾಗ ಆ ಕಡೆಯ ಹುಡುಗಿ, ಇದು ಸಂಶಯದ ಆತ್ಮ, ಅದಕ್ಕಾಗಿ ಪ್ರಾರ್ಥಿಸೋಣ ಅಂದಳು. ಸಾಕ್ಷಿ ಆಮೇಲೂ ಒಂದು ಸಲ ಪ್ರಸಾರವಾಯಿತು. ಅಲ್ಲಿಗೆ ಟೀಚರಮ್ಮ ನೋಟ್‌ಬುಕ್‌ನಲ್ಲಿ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದರು. ಶಾಲೆಯಲ್ಲಿ ಲೆಕ್ಕ ಮುಗಿದಾಗ ಎಳೆಯುವ ಹಾಗೆ.

ಆ ಕಾಗದ ಬರೆಯುವ ದಿನ ಇನ್ನೊಂದು ನಡೆಯಿತು. ಬರೆಯುತ್ತಾ ತಲೆ ಎತ್ತಿ ಕೇಳಿದರು: "ನಮ್ಮ ಸಭೆಯ ಲೆಕ್ಕ ಕೊನೇ ಸಲ ಓದಿದ್ದು ಯಾವಾಗ?" ನಾಲ್ಕು ವರ್ಷವಾಗಿತ್ತು. ಯಾರೂ ತಿಂದಿರಲಿಲ್ಲ. ಆದರೆ ಯಾರೂ ಓದಿಯೂ ಇರಲಿಲ್ಲ. ಹಿರಿಯರ ಕೂಟದಲ್ಲಿ ಇದನ್ನು ಎತ್ತಿದಾಗ ಒಬ್ಬರಿಗೆ ಬೇಜಾರಾಯಿತು. ಆದರೂ 2023ರ ಜನವರಿಯಿಂದ ಮೂರು ತಿಂಗಳಿಗೊಮ್ಮೆ ಆದಾಯ ಖರ್ಚು ಓದುತ್ತೇವೆ, ಬಾಗಿಲ ಹತ್ತಿರದ ಬೋರ್ಡಿಗೆ ಹಚ್ಚುತ್ತೇವೆ. ಅಮೆರಿಕದ ಹೆಸರಾಂತ ಬೋಧಕ ಬಿಲ್ಲಿ ಗ್ರಹಾಂ ಅವರು 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ ತಮ್ಮ ಸಂಗಡಿಗರ ಜೊತೆ ಕೂತು, ಬೋಧಕರು ಎಲ್ಲೆಲ್ಲಿ ಎಡವುತ್ತಾರೆ ಅಂತ ಪಟ್ಟಿ ಮಾಡಿ ಮುಂಚೆಯೇ ಕಟ್ಟುಪಾಡು ಹಾಕಿಕೊಂಡಿದ್ದರು. ಅದರಲ್ಲಿ ಹಣದ ವಿಷಯವೂ ಇತ್ತು, ಜನರ ಸಂಖ್ಯೆ ಹೆಚ್ಚಿಸಿ ಹೇಳಬಾರದು ಅನ್ನುವುದೂ ಇತ್ತು. ಆಮೇಲೆ ಸಂಸ್ಥೆಯ ಮಂಡಳಿ ಗೊತ್ತುಮಾಡಿದ ಸಂಬಳ ತೆಗೆದುಕೊಂಡರು. ಟೀವಿಯಲ್ಲಿ ಕಾಣಿಸಿಕೊಳ್ಳುವ ಎಲ್ಲರೂ ಒಂದೇ ಅಲ್ಲ ಅಂತ ಹೇಳಲು ಈ ಉದಾಹರಣೆ ನನಗೆ ಉಪಯೋಗಕ್ಕೆ ಬಂತು. ಹಿಂದೆಯೇ ನಮ್ಮ ಬೋರ್ಡು ಖಾಲಿ ಇದ್ದ ನಾಲ್ಕು ವರ್ಷವೂ ನೆನಪಿಗೆ ಬರುತ್ತದೆ.

ಈಗ

ಹಣ ವಾಪಸ್ ಬಂದಿಲ್ಲ. ಕೊಟ್ಟದ್ದು ದಾನ, ಬೆದರಿಸಿ ಕಿತ್ತುಕೊಂಡದ್ದಲ್ಲ ಅಂತ ವಕೀಲರು ಹೇಳಿದರು. ಟೀಚರಮ್ಮನೂ ಒತ್ತಾಯ ಮಾಡಲಿಲ್ಲ. ಬಳೆಯನ್ನು ಮಗ ಬಿಡಿಸಿಕೊಟ್ಟ. ಸಕ್ಕರೆ ಹತೋಟಿಯಲ್ಲಿದೆ. ಪ್ರತಿ ರಾತ್ರಿ ಕನ್ನಡಿ ಹಿಡಿದು ಪಾದದ ಅಡಿ ನೋಡಿಕೊಳ್ಳುತ್ತಾರೆ.

ಪಾಸ್ಟರ್ ಅವರ ಮನೆಗೆ ಹೋಗಿ ಕ್ಷಮೆ ಕೇಳಿದರು. ಹೇಳಿದ ವಿಷಯಕ್ಕಲ್ಲ, ಹೇಳಿದ ರೀತಿಗೆ. ಬಿಟ್ಟುಹೋದ ಎರಡು ಕುಟುಂಬದಲ್ಲಿ ಒಂದು ವಾಪಸ್ ಬಂದಿದೆ. ಇನ್ನೊಂದು ಬಂದಿಲ್ಲ. ಅವರ ಮನೆಗೆ ಈಗಲೂ ಹೋಗುತ್ತೇವೆ, ಬಾಗಿಲು ತೆಗೆಯುತ್ತಾರೆ, ಕಾಫಿ ಕೊಡುತ್ತಾರೆ, ಆ ವಿಷಯ ಮಾತ್ರ ಬೇಡ ಅನ್ನುತ್ತಾರೆ. ವಯಸ್ಸಾದ, ಒಂಟಿಯಾದ ಹತ್ತೊಂಬತ್ತು ಜನರ ಪಟ್ಟಿ ಮಾಡಿ ಹಂಚಿಕೊಂಡಿದ್ದೇವೆ. ವಾರಕ್ಕೆ ಒಮ್ಮೆಯಾದರೂ ಹೋಗಬೇಕು ಅಂತ ಮಾತು. ಕೆಲವು ವಾರ ತಪ್ಪುತ್ತದೆ.

ಟೀಚರಮ್ಮನ ತಂಗಿ ಇನ್ನೂ ಆ ಕಾರ್ಯಕ್ರಮ ಬಿಟ್ಟಿಲ್ಲ. ಟೀಚರಮ್ಮನೇ ಮೊದಲು ಅವರಿಗೆ ಹೇಳಿ ಹಚ್ಚಿಸಿದ್ದು. ತಂಗಿ ತಿಂಗಳಿಗೆ ಐನೂರು ಕಳಿಸುತ್ತಾರೆ. ಟೀಚರಮ್ಮನಿಗೆ ಇದೇ ದೊಡ್ಡ ದುಃಖ. ಒಂದು ಸಲ ನೋಟ್‌ಬುಕ್ ತೆಗೆದುಕೊಂಡು ಹೋಗಿ ತೋರಿಸಿದರು. ತಂಗಿ ಮುಖ ತಿರುಗಿಸಿದಳು. ಹನ್ನೆರಡು ವರ್ಷದ ಮೌನ ಮತ್ತೆ ಬರಬಾರದು ಅಂತ ಅವರು ಅಲ್ಲಿಗೇ ನಿಲ್ಲಿಸಿದರು.

ಈಗ ಪ್ರತಿ ಶನಿವಾರ ಒಂಬತ್ತೂವರೆಯ ಬಸ್ಸಿಗೆ ತಂಗಿಯ ಊರಿಗೆ ಹೋಗುತ್ತಾರೆ. ಅಡುಗೆಗೆ ಸೊಪ್ಪು ಬಿಡಿಸಿಕೊಡುತ್ತಾರೆ. ಇಬ್ಬರೂ ಒಟ್ಟಿಗೆ ಒಂದು ಅಧ್ಯಾಯ ಓದುತ್ತಾರೆ, ಮೊದಲಿನಿಂದ ಕೊನೆಯವರೆಗೆ. ಹೊರಡುವ ಮುಂಚೆ ತಂಗಿಯ ಬೀಪಿ ಮಾತ್ರೆಯ ಪಟ್ಟಿ ತೆಗೆದು, ಬೆಳಕಿಗೆ ಹಿಡಿದು, ಖಾಲಿಯಾದ ಗುಳಿಗಳನ್ನು ಎಣಿಸುತ್ತಾರೆ. ಹೋದ ವಾರ ಏಳೂ ಖಾಲಿಯಾಗಿದ್ದವು.